ಆಟದ ಆ್ಯಪ್‌ನ ಆಯ್ಕೆಗುಂಡಿ: ಉಳಿಸುವ ಬಗೆ, ಮರಳಿ ತರುವ ಬಗೆ

ಮೊಬೈಲ್ ಆಟಗಳಿಗೂ ನಾವು ನೆಲೆಸಿರುವ ಈ ಪರಿಸರಕ್ಕೂ ಹತ್ತಿರದ ನಂಟಿದೆ. ಹತ್ತಾರು ಕೋಟಿ ಫೋನುಗಳನ್ನು ಸೇರಿರುವ ‘ಲೂಡೋ ಕಿಂಗ್’ ರೂಪುಗೊಂಡದ್ದು ನವಿ ಮುಂಬಯಿಯಲ್ಲಿ. ವಿಕಾಸ್ ಜೈಸ್ವಾಲ್ ಅವರು 2010ರಲ್ಲಿ ಆರಂಭಿಸಿದ ಗೇಮೆಶನ್ ಟೆಕ್ನಾಲಜೀಸ್ ಸಂಸ್ಥೆಯು 2016ರಲ್ಲಿ ಅದನ್ನು ಬಿಡುಗಡೆ ಮಾಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದೆ ಕುಳಿತಿದ್ದ ಕುಟುಂಬಗಳು ದೂರದೂರಿನ ಬಂಧುಗಳೊಡನೆ ಆಡುತ್ತಾ ಹೊತ್ತು ಕಳೆದದ್ದು ಈ ಆಟದಲ್ಲಿಯೇ. ಲೂಡೋ ಎಂಬ ಹೆಸರಿನಲ್ಲಿ ಇಂಗ್ಲೆಂಡಿನವರು 1896ರಲ್ಲಿ ಪೇಟೆಂಟ್ ಪಡೆದರಾದರೂ ಅದರ ಮೂಲ ನಮ್ಮ ಪಗಡೆ, ಪಚ್ಚೀಸಿಗಳಲ್ಲಿದೆ ಎಂಬುದು ಓದುಗರಿಗೆ ತಿಳಿದ ವಿಷಯವೇ.

ಆದರೆ ಈ ಲೇಖನ ಯಾವುದೇ ಒಂದು ಆಟದ ಕುರಿತಾದುದಲ್ಲ. ಎಲ್ಲ ಆಟಗಳ ‘ಸೆಟ್ಟಿಂಗ್ಸ್’ ಪುಟದಲ್ಲಿಯೂ ಕಾಣಸಿಗುವ ಒಂದು ಪುಟ್ಟ ಗುಂಡಿಯ ಕುರಿತಾದುದು. ಬೆರಳಿನಿಂದ ಬಲಕ್ಕೆ ಸರಿಸಿದರೆ ಆನ್, ಎಡಕ್ಕೆ ಸರಿಸಿದರೆ ಆಫ್. ತಂತ್ರಜ್ಞರು ಇದನ್ನು ‘ಟಾಗಲ್’ ಎನ್ನುತ್ತಾರೆ. ನಾವು ಇಲ್ಲಿ ಆಯ್ಕೆಗುಂಡಿ ಎಂದು ಕರೆಯೋಣ. ಧ್ವನಿ, ಸಂಗೀತ, ಕಂಪನ, ಸೂಚನೆಗಳು, ಅಪರಿಚಿತರೊಡನೆ ಮಾತುಕತೆ, ಹೀಗೆ ಒಂದೊಂದಕ್ಕೂ ಒಂದೊಂದು ಗುಂಡಿ. ಇರುವುದು ಎರಡೇ ಸ್ಥಿತಿ. ಇಷ್ಟನ್ನು ನೆನಪಿಟ್ಟುಕೊಳ್ಳುವುದು ಯಂತ್ರಕ್ಕೆ ಯಾವ ಲೆಕ್ಕ ಎನಿಸುವುದು ಸಹಜ. ಆದರೂ ಹೊಸ ಆಟಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷಗಳಲ್ಲಿ ಇದೂ ಒಂದು: ನಿನ್ನೆ ಆಫ್ ಮಾಡಿದ ಗುಂಡಿ ಇಂದು ತಾನಾಗಿ ಆನ್ ಆಗಿರುತ್ತದೆ.

ಸಂಗೀತದ ಗುಂಡಿಯಾದರೆ ಹೋಗಲಿ ಎನ್ನಬಹುದು. ಬೆಳಗಿನ ಡೊಂಬಿವಲಿ ಲೋಕಲ್‌ನಲ್ಲಿ ಫೋನು ಏಕಾಏಕಿ ತುತ್ತೂರಿ ಊದಿದಾಗ ಅಕ್ಕಪಕ್ಕದವರು ಒಮ್ಮೆ ದುರುಗುಟ್ಟಿ ನೋಡಿಯಾರು, ಅಷ್ಟೆ. ಆದರೆ ಹತ್ತು ವರ್ಷದ ಮಗುವಿನ ಕೈಗೆ ಫೋನು ಕೊಡುವ ಮುನ್ನ ತಾಯಿಯೊಬ್ಬಳು ಅಪರಿಚಿತರ ಮಾತುಕತೆಯ ಗುಂಡಿಯನ್ನು ಆಫ್ ಮಾಡಿದ್ದಾಳೆ ಎಂದುಕೊಳ್ಳಿ. ಆ್ಯಪ್ ಹೊಸ ಆವೃತ್ತಿಗೆ ಬದಲಾದ ದಿನ ಅದು ಸದ್ದಿಲ್ಲದೆ ಆನ್ ಆದರೆ? ಚಿಲಕ ಹಾಕಿದ್ದೇನೆಂದು ನಂಬಿದವರು ಬಾಗಿಲನ್ನು ಮತ್ತೆ ಮತ್ತೆ ನೋಡುವುದಿಲ್ಲ. ಗುಂಡಿಯೇ ಇಲ್ಲದ ಆಟಕ್ಕಿಂತ ಮಾತು ಉಳಿಸಿಕೊಳ್ಳದ ಗುಂಡಿಯುಳ್ಳ ಆಟ ಹೆಚ್ಚು ಅಪಾಯಕಾರಿ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಮಾಣಿಯ ನೆನಪು ಮತ್ತು ಗಲ್ಲಾದ ಪುಸ್ತಕ

ಮುಂಬಯಿಯ ಉಡುಪಿ ಹೋಟೆಲುಗಳನ್ನು ಬಲ್ಲ ನಮ್ಮವರಿಗೆ ಈ ವಿಷಯವನ್ನು ವಿವರಿಸುವುದು ಸುಲಭ. ದಿನವೂ ಬರುವ ಗಿರಾಕಿಯೊಬ್ಬರು ತಮಗೆ ಸಕ್ಕರೆ ಇಲ್ಲದ ಚಹಾ ಬೇಕೆಂದು ಮಾಣಿಗೆ ಒಮ್ಮೆ ಹೇಳುತ್ತಾರೆ. ಮಾಣಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಅವನು ಪಾಳಿಯಲ್ಲಿರುವಷ್ಟು ಕಾಲ ಎಲ್ಲವೂ ಸರಿ. ಅವನು ಊರಿಗೆ ಹೋದ ದಿನ ಹೊಸ ಹುಡುಗ ಸಕ್ಕರೆ ಬೆರೆಸಿದ ಚಹಾ ತಂದಿಡುತ್ತಾನೆ. ಹುಡುಗನದು ತಪ್ಪಲ್ಲ, ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಗಲ್ಲಾದ ಪಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದರೆ ಯಾವ ಮಾಣಿ ಬಂದರೂ ಓದಿಕೊಳ್ಳುತ್ತಿದ್ದ.

ಫೋನಿನಲ್ಲಿಯೂ ನೆನಪು ಎರಡು ಬಗೆಯದು. ಆಟ ನಡೆಯುತ್ತಿರುವಾಗ ಬಳಕೆಯಾಗುವುದು ತಾತ್ಕಾಲಿಕ ಸ್ಮೃತಿ. ಇದು ಮಾಣಿಯ ಮನಸ್ಸು. ಆ್ಯಪ್ ಮುಚ್ಚಿದೊಡನೆ ಅದು ಬರಿದಾಗುತ್ತದೆ. ಇನ್ನೊಂದು ಫೋನಿನ ಶಾಶ್ವತ ಸಂಗ್ರಹ, ಅಂದರೆ ಗಲ್ಲಾದ ಪುಸ್ತಕ. ಬ್ಯಾಟರಿ ಮುಗಿದು ಫೋನು ಆರಿಹೋದರೂ ಅಲ್ಲಿ ಬರೆದದ್ದು ಅಳಿಯುವುದಿಲ್ಲ. ಗುಂಡಿಯ ಸ್ಥಿತಿಯನ್ನು ಉಳಿಸುವುದೆಂದರೆ ಆ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ಮರಳಿ ತರುವುದೆಂದರೆ ಮುಂದಿನ ಬಾರಿ ಅಂಗಡಿ ತೆರೆಯುವಾಗ ಆ ಸಾಲನ್ನು ಓದುವುದು.

ಪ್ರತಿಯೊಂದು ವ್ಯವಸ್ಥೆಯೂ ಈ ಪುಸ್ತಕವನ್ನು ಸಿದ್ಧವಾಗಿಯೇ ಒದಗಿಸಿದೆ. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ‘ಶೇರ್ಡ್ ಪ್ರಿಫರೆನ್ಸಸ್’. ಆಯಾ ಆ್ಯಪ್‌ಗೆಂದೇ ಮೀಸಲಾದ ಜಾಗದಲ್ಲಿ ಒಂದು ಸಣ್ಣ ಕಡತವಿರುತ್ತದೆ. ಅದರಲ್ಲಿ ಹೆಸರು ಮತ್ತು ಅದರೆದುರು ಹೌದು ಅಥವಾ ಅಲ್ಲ ಎಂಬ ಮೌಲ್ಯ. ಇದೇ ಕೆಲಸಕ್ಕೆ ‘ಡೇಟಾಸ್ಟೋರ್’ ಎಂಬ ಹೊಸ ಸೌಲಭ್ಯದ ಸ್ಥಿರ ಆವೃತ್ತಿಯು 2021ರಲ್ಲಿ ಬಂದಿತು. ಐಫೋನಿನಲ್ಲಿ ಇರುವುದು ‘ಯೂಸರ್ ಡಿಫಾಲ್ಟ್ಸ್’. ಆಟಗಳನ್ನು ಕಟ್ಟಲು ಹಲವರು ಬಳಸುವ ಯೂನಿಟಿ ಎಂಬ ತಂತ್ರಾಂಶದಲ್ಲಿ ‘ಪ್ಲೇಯರ್ ಪ್ರೆಫ್ಸ್’ ಇದೆ. ಅದು ಒಳಗಿಂದೊಳಗೆ ಆಂಡ್ರಾಯ್ಡ್‌ನಲ್ಲಿ ಶೇರ್ಡ್ ಪ್ರಿಫರೆನ್ಸಸ್ ಅನ್ನೂ ಐಫೋನಿನಲ್ಲಿ ಯೂಸರ್ ಡಿಫಾಲ್ಟ್ಸ್ ಅನ್ನೂ ಬಳಸಿಕೊಳ್ಳುತ್ತದೆ. ಹಿಂದಿನ ಜಾವಾ ಫೋನುಗಳಲ್ಲಿಯೂ ‘ರೆಕಾರ್ಡ್ ಸ್ಟೋರ್’ ಎಂಬ ಚಿಕ್ಕ ಉಗ್ರಾಣವಿತ್ತು. ಅಂದಮೇಲೆ ಪುಸ್ತಕದ ಕೊರತೆ ಎಂದೂ ಇರಲಿಲ್ಲ. ಯಾವಾಗ ಬರೆಯಬೇಕು, ಯಾವಾಗ ಓದಬೇಕು, ಪುಸ್ತಕದಲ್ಲಿ ಏನೂ ಇಲ್ಲದಿದ್ದರೆ ಏನೆಂದು ತಿಳಿಯಬೇಕು ಎಂಬಲ್ಲಿಯೇ ಎಡವುವುದು.

ಮುಟ್ಟಿದಾಗಲೇ ಬರೆಯಬೇಕು

ಆಟದಿಂದ ಹೊರಬರುವಾಗ ಎಲ್ಲವನ್ನೂ ಒಟ್ಟಿಗೆ ಬರೆದರಾಯಿತು ಎಂದುಕೊಳ್ಳುವವರು ಬಹಳ. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಇದು ನಡೆದೀತು. ಫೋನಿನಲ್ಲಿ ಆಟದಿಂದ ‘ಹೊರಬರುವುದು’ ಎಂಬುದೇ ಅನಿಶ್ಚಿತ. ಥಾಣೆಯಿಂದ ವಾಶಿಗೆ ಹೋಗುವ ಗಾಡಿಯಲ್ಲಿ ಕುಳಿತ ಹುಡುಗ ಸಂಗೀತವನ್ನು ಆಫ್ ಮಾಡಿ ಆಡುತ್ತಿರುತ್ತಾನೆ. ಅಷ್ಟರಲ್ಲಿ ಕರೆ ಬರುತ್ತದೆ, ಆಟ ಹಿನ್ನೆಲೆಗೆ ಸರಿಯುತ್ತದೆ. ಕರೆ ಮುಗಿದ ಮೇಲೆ ಅವನು ವಾಟ್ಸಾಪ್ ನೋಡುತ್ತಾನೆ, ಟಿಕೆಟು ತೋರಿಸುತ್ತಾನೆ, ಒಂದು ಹಾಡು ಕೇಳುತ್ತಾನೆ. ಫೋನಿನ ಸ್ಮೃತಿ ಕಡಿಮೆಯಾದಾಗ ವ್ಯವಸ್ಥೆಯು ಹಿನ್ನೆಲೆಯಲ್ಲಿರುವ ಆಟವನ್ನು ಹೇಳದೆ ಕೇಳದೆ ಮುಗಿಸಿಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ನ ಅಂತ್ಯವನ್ನು ಸೂಚಿಸುವ ‘ಆನ್‌ಡಿಸ್ಟ್ರಾಯ್’ ಎಂಬ ಕರೆ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಅದನ್ನು ನಂಬಿ ಕುಳಿತ ಆಟ ಏನನ್ನೂ ಬರೆಯದೆಯೇ ಕೊನೆಯುಸಿರೆಳೆಯುತ್ತದೆ.

ಆದುದರಿಂದ ನಿಯಮ ಸರಳ: ಬೆರಳು ಗುಂಡಿಯನ್ನು ಸರಿಸಿದ ಆ ಕ್ಷಣದಲ್ಲೇ ಬರೆಯಬೇಕು. ಬರೆಯುವುದರಲ್ಲಿ ಎರಡು ವಿಧಾನಗಳಿವೆ. ‘ಕಮಿಟ್’ ಎಂದರೆ ಪುಸ್ತಕದಲ್ಲಿ ಬರೆದು ಮುಗಿಯುವವರೆಗೂ ಕಾಯುವುದು. ಬರೆಯಲಾಯಿತೇ ಇಲ್ಲವೇ ಎಂದು ಅದು ಉತ್ತರವನ್ನೂ ಕೊಡುತ್ತದೆ. ಆಂಡ್ರಾಯ್ಡ್ 2.3ರೊಂದಿಗೆ 2010ರ ಕೊನೆಯಲ್ಲಿ ಬಂದ ‘ಅಪ್ಲೈ’ ಎಂದರೆ ತಾತ್ಕಾಲಿಕ ಸ್ಮೃತಿಯಲ್ಲಿ ಕೂಡಲೇ ಬದಲಿಸಿ, ಪುಸ್ತಕಕ್ಕೆ ಏರಿಸುವ ಕೆಲಸವನ್ನು ಹಿಂದಿನಿಂದ ನಡೆಸುವುದು. ಆಟ ಕ್ಷಣಮಾತ್ರವೂ ತಡವರಿಸಬಾರದಾದ್ದರಿಂದ ಸಾಮಾನ್ಯವಾಗಿ ಅಪ್ಲೈ ಸಾಕು. ಯೂನಿಟಿಯ ಪ್ಲೇಯರ್ ಪ್ರೆಫ್ಸ್ ವಿಷಯದಲ್ಲಿ ಎಚ್ಚರ ಬೇಕು. ಆಟ ಕ್ರಮವಾಗಿ ಮುಗಿದಾಗ ಅದು ತಾನಾಗಿ ಬರೆದುಕೊಳ್ಳುತ್ತದೆ, ನಡುವೆ ಕುಸಿದರೆ ಬರೆಯದೆ ಉಳಿಯಬಹುದು. ಹಾಗಾಗಿ ಗುಂಡಿ ಬದಲಾದೊಡನೆ ‘ಸೇವ್’ ಎಂಬ ಆಜ್ಞೆಯನ್ನು ಬೇರೆಯಾಗಿಯೇ ಕೊಡುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಓದುತ್ತಾ ಕಾಲೇಜಿನ ಪ್ರಾಜೆಕ್ಟಿಗಾಗಿ ಆಟ ರಚಿಸುವ ಮಕ್ಕಳಿದ್ದಾರೆ. ಅವರು ಹೆಚ್ಚಾಗಿ ಸಿಲುಕುವ ಒಂದು ಬಲೆಯನ್ನು ಇಲ್ಲಿ ಹೇಳಬೇಕು. ಆಂಡ್ರಾಯ್ಡ್‌ನಲ್ಲಿ ‘ಸೇವ್ ಇನ್‌ಸ್ಟೆನ್ಸ್ ಸ್ಟೇಟ್’ ಎಂಬ ಇನ್ನೊಂದು ಸೌಲಭ್ಯವಿದೆ. ಫೋನನ್ನು ಅಡ್ಡ ತಿರುಗಿಸಿದಾಗ ಪರದೆ ಹೊಸದಾಗಿ ರಚನೆಗೊಳ್ಳುತ್ತದೆ. ಆ ಹೊತ್ತಿಗೆ ಇದ್ದ ಸ್ಥಿತಿಯನ್ನು ಕೈಯಿಂದ ಕೈಗೆ ದಾಟಿಸುವುದು ಅದರ ಕೆಲಸ. ಹೆಸರಿನಲ್ಲಿಯೇ ‘ಸೇವ್’ ಇರುವುದರಿಂದ ವಿದ್ಯಾರ್ಥಿಗಳು ಗುಂಡಿಯ ಸ್ಥಿತಿಯನ್ನು ಅಲ್ಲಿಯೇ ಇಡುತ್ತಾರೆ. ಫೋನು ತಿರುಗಿಸಿ ನೋಡುತ್ತಾರೆ, ಗುಂಡಿ ಸರಿಯಾಗಿಯೇ ಇರುತ್ತದೆ. ಪರೀಕ್ಷಕರ ಮುಂದೆಯೂ ಸರಿಯಾಗಿಯೇ ಇರುತ್ತದೆ. ಬಳಕೆದಾರರು ಆ್ಯಪ್ ಅನ್ನು ಪಟ್ಟಿಯಿಂದ ಸರಿಸಿ ಮುಚ್ಚಿ, ಮರುದಿನ ತೆರೆದರೆ ಏನೂ ಉಳಿದಿರುವುದಿಲ್ಲ. ಅದು ಪಾಳಿ ಬದಲಾಗುವಾಗ ಒಬ್ಬ ಮಾಣಿ ಮತ್ತೊಬ್ಬನ ಕಿವಿಯಲ್ಲಿ ಹೇಳಿ ಹೋಗುವ ಮಾತು, ಪುಸ್ತಕವಲ್ಲ.

ಓದುವ ಕ್ರಮ

ಬರೆಯುವುದಕ್ಕಿಂತ ಓದುವುದರಲ್ಲಿ ಸೂಕ್ಷ್ಮಗಳು ಹೆಚ್ಚು. ಆಟ ತೆರೆದಾಗ ಮೊದಲು ಪುಸ್ತಕ ಓದಬೇಕು, ಆಮೇಲೆ ಸಂಗೀತ ಆರಂಭವಾಗಬೇಕು. ಹಲವು ಆಟಗಳಲ್ಲಿ ಇದು ಹಿಂದುಮುಂದಾಗಿರುತ್ತದೆ. ಸೆಟ್ಟಿಂಗ್ಸ್ ಪುಟ ತೆರೆದಾಗ ಮಾತ್ರ ಉಳಿಸಿದ ಮೌಲ್ಯವನ್ನು ಓದುವಂತೆ ಬರೆದಿರುತ್ತಾರೆ. ಪುಟ ತೆರೆಯುವವರೆಗೂ ಆಟ ಗದ್ದಲವೆಬ್ಬಿಸುತ್ತಿರುತ್ತದೆ. ಏನಾಯಿತೆಂದು ಪುಟ ತೆರೆದರೆ ಗುಂಡಿ ಆಫ್ ಎಂದೇ ತೋರಿಸುತ್ತದೆ, ಅದೇ ಕ್ಷಣ ಸದ್ದೂ ನಿಲ್ಲುತ್ತದೆ. ಮನೆಯ ಹಿರಿಯರು ಇದನ್ನು ನೋಡಿ ಫೋನಿಗೆ ಏನೋ ಸೋಕಿದೆ ಎಂದರೆ ಅವರನ್ನು ನಗಬಾರದು. ತೋರುವುದು ಒಂದು, ನಡೆಯುವುದು ಇನ್ನೊಂದು ಆದಾಗ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ಇನ್ನೊಂದು ದೋಷ ಇದಕ್ಕಿಂತ ನವಿರಾದದ್ದು. ಗುಂಡಿ ಬದಲಾದಾಗ ನಡೆಯಬೇಕಾದ ಕೆಲಸವನ್ನು ರಚನಕಾರರು ‘ಮೊದಲಿದ್ದುದನ್ನು ತಿರುಗಿಸು’ ಎಂದು ಬರೆದಿರುತ್ತಾರೆ: ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್. ಸೆಟ್ಟಿಂಗ್ಸ್ ಪುಟ ತೆರೆದಾಗ ಗುಂಡಿಯ ಚಿತ್ರ ಮೊದಲಿಗೆ ಆನ್ ಎಂದು ಮೂಡುತ್ತದೆ. ಪುಸ್ತಕದಲ್ಲಿ ಆಫ್ ಎಂದಿರುವುದರಿಂದ ತಂತ್ರಾಂಶವೇ ಅದನ್ನು ಆಫ್‌ಗೆ ಸರಿಸುತ್ತದೆ. ಆಂಡ್ರಾಯ್ಡ್ ಮತ್ತು ಯೂನಿಟಿಗಳಲ್ಲಿ ಗುಂಡಿಯನ್ನು ಬೆರಳು ಸರಿಸಿದರೂ ತಂತ್ರಾಂಶ ಸರಿಸಿದರೂ ‘ಬದಲಾಯಿತು’ ಎಂಬ ಒಂದೇ ಸುದ್ದಿ ಹೊರಡುತ್ತದೆ. ಸುದ್ದಿ ಬಂದೊಡನೆ ‘ತಿರುಗಿಸು’ ಎಂಬ ಆಜ್ಞೆ ಪುಸ್ತಕದಲ್ಲಿದ್ದ ಆಫ್ ಅನ್ನು ಆನ್ ಮಾಡಿಬಿಡುತ್ತದೆ. ಪರದೆಯಲ್ಲಿ ಆಫ್, ಪುಸ್ತಕದಲ್ಲಿ ಆನ್! ನೋಡಲೆಂದು ಪುಟ ತೆರೆದದ್ದೇ ಬದಲಾವಣೆಗೆ ಕಾರಣವಾಯಿತು. ಐಫೋನಿನ ಗುಂಡಿ ಈ ವಿಷಯದಲ್ಲಿ ಬೇರೆ; ತಂತ್ರಾಂಶ ಸರಿಸಿದಾಗ ಅದು ಸುದ್ದಿ ಕಳುಹಿಸುವುದಿಲ್ಲ. ಯೂನಿಟಿಯವರೂ 2019ರಲ್ಲಿ ‘ಸೆಟ್ ಈಸ್‌ಆನ್ ವಿದೌಟ್ ನೋಟಿಫೈ’ ಎಂಬ, ಸದ್ದಿಲ್ಲದೆ ಸರಿಸುವ ದಾರಿಯನ್ನು ಒದಗಿಸಿದರು. ದಾರಿ ಯಾವುದಾದರೂ ಇರಲಿ, ‘ತಿರುಗಿಸು’ ಎಂದು ಬರೆಯದೆ ‘ಗುಂಡಿ ಈಗ ಏನನ್ನು ತೋರಿಸುತ್ತಿದೆಯೋ ಅದನ್ನೇ ಬರೆ’ ಎಂದು ಬರೆದರೆ ಈ ತೊಡಕಿನ ಬಹುಪಾಲು ಹುಟ್ಟುವುದೇ ಇಲ್ಲ.

ಪುಸ್ತಕದಲ್ಲಿ ಏನೂ ಇಲ್ಲದಿದ್ದಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಆಟವನ್ನು ಮೊದಲ ಬಾರಿ ತೆರೆದಾಗ ಪುಸ್ತಕ ಖಾಲಿ. ಆಗ ಆ್ಯಪ್ ಯಾವುದನ್ನು ಸತ್ಯವೆಂದು ಹಿಡಿಯಬೇಕು? ಆಂಡ್ರಾಯ್ಡ್‌ನಲ್ಲಿ ಓದುವ ಆಜ್ಞೆಯೊಳಗೆಯೇ ‘ಸಿಗದಿದ್ದರೆ ಇದನ್ನು ತೆಗೆದುಕೋ’ ಎಂಬ ಮೌಲ್ಯವನ್ನು ಕೊಡಬೇಕಾಗುತ್ತದೆ. ಇದನ್ನೇ ‘ಡಿಫಾಲ್ಟ್’ ಎನ್ನುವುದು. ಐಫೋನಿನಲ್ಲಿ ಬೇರೆ ಹೇಳದಿದ್ದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಯೂನಿಟಿಯ ಪುಸ್ತಕದಲ್ಲಿ ಹೌದು–ಅಲ್ಲ ಎಂಬ ಬಗೆಯೇ ಇಲ್ಲ. 1 ಅಥವಾ 0 ಎಂದು ಬರೆಯಬೇಕು, ಸಾಲು ಸಿಗದಿದ್ದರೆ 0 ಎಂದೇ ಉತ್ತರ.

ಖಾಲಿ ಪುಸ್ತಕವೆಂಬುದು ಮೊದಲ ದಿನದ ಮಾತು ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. ಹೊಸ ಆವೃತ್ತಿಯಲ್ಲಿ ರಚನಕಾರರು ಸಾಲಿನ ಹೆಸರನ್ನು ಬದಲಿಸಿದರೆ ಹಳೆಯ ಸಾಲು ಪುಸ್ತಕದಲ್ಲಿ ಇದ್ದೂ ಇಲ್ಲದಂತೆ, ಓದುವವರಿಲ್ಲ. ಕಡತ ಕೆಟ್ಟರೆ, ಫೋನು ಬದಲಾದರೆ, ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಹೀಗೆಯೇ. ಪ್ರತಿಯೊಂದು ಮರೆವಿನ ಕೊನೆಗೂ ಆ್ಯಪ್ ಬಂದು ನಿಲ್ಲುವುದು ಡಿಫಾಲ್ಟ್ ಎಂಬ ಮೌಲ್ಯದ ಮುಂದೆ. ಹಾಗಾಗಿ ಮರೆತರೂ ಕೇಡಾಗದ ಕಡೆಗೇ ಮರೆಯಬೇಕು. ಸಂಗೀತ ಹೇಗಾದರೂ ಇರಲಿ; ಅಪರಿಚಿತರ ಮಾತುಕತೆ, ಹಣ ತೆರುವ ಅನುಮತಿ, ಮಾಹಿತಿ ಹಂಚಿಕೆ ಇವುಗಳ ಡಿಫಾಲ್ಟ್ ಆಫ್ ಎಂದೇ ಇರಬೇಕು. ಮಧುಮೇಹಿಗಳು ಬರುವ ಹೋಟೆಲಿನಲ್ಲಿ ಏನೂ ಗೊತ್ತಿಲ್ಲದ ಮಾಣಿ ಸಕ್ಕರೆಯನ್ನು ಬೇರೆಯಾಗಿ ಬಟ್ಟಲಲ್ಲಿ ತಂದಿಟ್ಟರೆ ಯಾರಿಗೂ ತೊಂದರೆಯಿಲ್ಲ. ಸಾಲಿನ ಹೆಸರಿನ ಆಯ್ಕೆಯೂ ಇಲ್ಲಿ ನೆರವಾಗುತ್ತದೆ. ‘ಮಾತುಕತೆ ನಿಷಿದ್ಧ’ ಎಂದು ಹೆಸರಿಟ್ಟರೆ ಸಾಲು ಕಳೆದಾಗ 0, ಅಂದರೆ ನಿಷೇಧವಿಲ್ಲ ಎಂದಾಗುತ್ತದೆ. ‘ಮಾತುಕತೆಗೆ ಅನುಮತಿ’ ಎಂದು ಹೆಸರಿಟ್ಟರೆ ಅದೇ 0 ಬಾಗಿಲನ್ನು ಮುಚ್ಚಿಡುತ್ತದೆ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಸಮ್ಮತಿ ಬೇಕೆನ್ನುತ್ತದೆ. ಒಮ್ಮೆ ನಿರಾಕರಿಸಿದ ಸಮ್ಮತಿಯನ್ನು ಆ್ಯಪ್ ಮರೆತು ‘ಕೊಟ್ಟಿದ್ದಾರೆ’ ಎಂದು ತಿಳಿಯುವುದು ತಾಂತ್ರಿಕ ದೋಷಕ್ಕಿಂತ ದೊಡ್ಡ ಸಂಗತಿ.

ಅಳಿಸುವಾಗ, ಫೋನು ಬದಲಿಸುವಾಗ

ಫೋನು ನಿಧಾನವಾಯಿತೆಂದು ಕಲ್ಯಾಣದ ಯಾವುದೋ ಮೊಬೈಲ್ ಅಂಗಡಿಗೆ ಕೊಟ್ಟರೆ ಹುಡುಗ ಎರಡು ನಿಮಿಷದಲ್ಲಿ ಏನೋ ಒತ್ತಿ ಹಗುರ ಮಾಡಿಕೊಡುತ್ತಾನೆ. ಏನು ಒತ್ತಿದನೆಂದು ಕೇಳಿ ತಿಳಿಯುವುದು ಮೇಲು. ‘ಕ್ಲಿಯರ್ ಕ್ಯಾಶ್’ ಒತ್ತಿದರೆ ಹೋಗುವುದು ಮತ್ತೆ ಸಿಗಬಲ್ಲ ಚಿತ್ರ ಮುಂತಾದ ತಾತ್ಕಾಲಿಕ ಕಡತಗಳು, ಆಯ್ಕೆಗಳು ಉಳಿಯುತ್ತವೆ. ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಒತ್ತಿದರೆ ಪುಸ್ತಕವೇ ಹರಿದುಹೋಗುತ್ತದೆ. ಆ್ಯಪ್ ಅನ್ನು ಅಳಿಸಿದರೂ ಹಾಗೆಯೇ. ಐಫೋನಿನಲ್ಲಿ 2017ರಿಂದ ಇರುವ ‘ಆಫ್‌ಲೋಡ್’ ಮಾತ್ರ ಭಿನ್ನ: ಆ್ಯಪ್ ಹೋಗುತ್ತದೆ, ಅದರ ಪುಸ್ತಕ ಉಳಿಯುತ್ತದೆ. ಜಾಗ ಸಾಲದೆ ಪರದಾಡುವವರು ಅಳಿಸುವ ಬದಲು ಇದನ್ನು ಬಳಸಬಹುದು.

ಹೊಸ ಫೋನಿಗೆ ಹೋಗುವವರಿಗೆ ಆಂಡ್ರಾಯ್ಡ್ 6.0, ಅಂದರೆ 2015ರಿಂದ, ಸ್ವಯಂಚಾಲಿತ ಬ್ಯಾಕಪ್ ಇದೆ. ರಚನಕಾರರು ಬೇಡವೆನ್ನದಿದ್ದರೆ ಪ್ರತಿ ಆ್ಯಪ್‌ನ 25 ಎಂಬಿವರೆಗಿನ ಮಾಹಿತಿಯನ್ನು ಅದು ಗೂಗಲ್ ಖಾತೆಯಲ್ಲಿ ಇಡುತ್ತದೆ. ಆಯ್ಕೆಗಳ ಪುಸ್ತಕವೂ ಅದರಲ್ಲಿ ಸೇರಿದೆ. ಆದರೆ ಇದು ಸಾಮಾನ್ಯವಾಗಿ ನಡೆಯುವುದು ಫೋನು ಸುಮ್ಮನಿದ್ದು, ಚಾರ್ಜಿಗೆ ಹಾಕಿದ್ದು, ವೈಫೈ ದೊರೆತಿರುವಾಗ, ದಿನಕ್ಕೊಮ್ಮೆ. ಬೆಳಗ್ಗೆ ಬದಲಿಸಿದ ಆಯ್ಕೆ ಸಂಜೆ ಕೊಂಡ ಹೊಸ ಫೋನಿನಲ್ಲಿ ಕಾಣದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಎಲ್ಲ ಆಯ್ಕೆಗಳೂ ಹೀಗೆ ಫೋನಿನಿಂದ ಫೋನಿಗೆ ಹಿಂಬಾಲಿಸಬೇಕೇ ಎಂಬ ಪ್ರಶ್ನೆಯೂ ಇದೆ. ನಮ್ಮ ಅಭಿಪ್ರಾಯದಲ್ಲಿ ಬೇಡ. ಧ್ವನಿ ಮತ್ತು ಕಂಪನ ಸಾಧನಕ್ಕೆ ಸೇರಿದವು. ರೈಲಿನಲ್ಲಿ ಬಳಸುವ ಫೋನು ಮೌನವಾಗಿರಲಿ, ಮನೆಯ ಟ್ಯಾಬ್ಲೆಟ್ ಹಾಡಲಿ. ಇವೆರಡನ್ನೂ ಒಂದೇ ಖಾತೆಗೆ ಕಟ್ಟಿಹಾಕಿದರೆ ಒಂದರಲ್ಲಿ ಮಾಡಿದ್ದು ಇನ್ನೊಂದನ್ನು ಕೆಡಿಸುತ್ತದೆ. ಭಾಷೆ, ದೊಡ್ಡ ಅಕ್ಷರ, ಕೆಂಪು ಹಸಿರು ಗುರುತಿಸಲಾಗದವರಿಗಾಗಿ ಇರುವ ಬಣ್ಣದ ಬದಲಾವಣೆ ಇವು ವ್ಯಕ್ತಿಗೆ ಸೇರಿದವು, ಖಾತೆಯೊಡನೆ ಬರಬೇಕು. ನಮ್ಮ ಮನೆಗಳಲ್ಲಿ ಒಂದೇ ಫೋನಿನಲ್ಲಿ ಅಜ್ಜಿಯೂ ಮೊಮ್ಮಗಳೂ ಸರದಿಯ ಮೇಲೆ ಆಡುವುದುಂಟು. ಹೆಚ್ಚಿನ ಆಟಗಳ ಪುಸ್ತಕಕ್ಕೆ ಈ ಭೇದ ತಿಳಿಯದು, ಕೊನೆಯದಾಗಿ ಮುಟ್ಟಿದವರ ಮಾತೇ ಅದಕ್ಕೆ ವೇದವಾಕ್ಯ. ಆಟಗಾರರ ಹೆಸರಿನ ಕೆಳಗೆ ಬೇರೆ ಬೇರೆ ಸಾಲು ಬರೆಯುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಒಂದು ಮನೆಯಲ್ಲಿ ಫೋನು ಒಬ್ಬರದೇ ಆಗಿರುತ್ತದೆಂಬ ಎಣಿಕೆಯೇ ಅಡ್ಡಿ.

ಭಾಷೆಯ ಕುರಿತು ಒಂದು ಮಾತು. ಆಂಡ್ರಾಯ್ಡ್ ವ್ಯವಸ್ಥೆಗೆ ಕನ್ನಡ, ಮರಾಠಿಗಳೆರಡೂ 2014ರಲ್ಲಿ 5.0 ಆವೃತ್ತಿಯೊಂದಿಗೆ ಸೇರಿದವು. 2022ರ ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್‌ಗೂ ಬೇರೆ ಭಾಷೆಯನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಆರಿಸಬಹುದು. ಆ ಆ್ಯಪ್ ಕನ್ನಡವನ್ನು ಒಳಗೊಂಡಿರಬೇಕಷ್ಟೆ. ಫೋನು ಇಂಗ್ಲಿಷಿನಲ್ಲಿದ್ದು ಆಟ ಮಾತ್ರ ಕನ್ನಡದಲ್ಲಿ ಇರಬೇಕೆನ್ನುವ ಹೊರನಾಡ ಮನೆಗಳಿಗೆ ಇದು ಅನುಕೂಲ. ಈ ಆಯ್ಕೆಯನ್ನು ವ್ಯವಸ್ಥೆಯೇ ನೆನಪಿಡುವುದರಿಂದ ಆ್ಯಪ್‌ನ ಮರೆವು ಇಲ್ಲಿ ಬಾಧಿಸದು.

ಮಕ್ಕಳ ಕೈಗೆ ಆಟ ಕೊಡುವ ಮುನ್ನ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಮಾತುಕತೆಯ ಗುಂಡಿಯನ್ನು ಆಫ್ ಮಾಡಿ, ಕೂಡಲೇ ಆಟವನ್ನು ಪಟ್ಟಿಯಿಂದ ಸರಿಸಿ ಮುಚ್ಚಿ ಮತ್ತೆ ತೆರೆಯಿರಿ. ಸೆಟ್ಟಿಂಗ್ಸ್ ಪುಟಕ್ಕೆ ಹೋಗುವ ಮುನ್ನ ಆಟದೊಳಗೆ ಮಾತುಕತೆ ನಿಜಕ್ಕೂ ನಿಂತಿದೆಯೇ ನೋಡಿ. ಬಳಿಕ ಪುಟ ತೆರೆದು ಗುಂಡಿಯನ್ನು ಮುಟ್ಟದೆ ಹಿಂದಿರುಗಿ, ಆಟವನ್ನು ಇನ್ನೊಮ್ಮೆ ಮುಚ್ಚಿ ತೆರೆದು ನೋಡಿ. ‘ತಿರುಗಿಸು’ ದೋಷವಿದ್ದರೆ ಈಗ ಬಯಲಾಗುತ್ತದೆ. ಫೋನನ್ನು ಆರಿಸಿ ಹಚ್ಚಿ ಮತ್ತೊಮ್ಮೆ. ಹೊಸ ಆವೃತ್ತಿ ಬಂದ ದಿನವೂ ಇದನ್ನೇ ಮಾಡಿ. ಎಲ್ಲಿಯಾದರೂ ತಪ್ಪಿದರೆ ಪ್ಲೇ ಸ್ಟೋರ್‌ನಲ್ಲಿ ಆ ಆಟದ ಪುಟದ ಕೆಳಗೆ ರಚನಕಾರರ ಮಿಂಚಂಚೆ ವಿಳಾಸವಿರುತ್ತದೆ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆಟದ ಆವೃತ್ತಿ ಮತ್ತು ಯಾವ ಹೆಜ್ಜೆಯ ನಂತರ ಗುಂಡಿ ಬದಲಾಯಿತು ಎಂಬ ನಾಲ್ಕು ವಿವರಗಳನ್ನು ಬರೆದು ಕಳುಹಿಸಿದರೆ ಅವರಿಗೆ ದೋಷ ಹುಡುಕುವುದು ಸುಲಭವಾಗುತ್ತದೆ. ಉತ್ತರ ಬರುವವರೆಗೆ ಮೈಕ್ ಅನುಮತಿಯನ್ನು ಆಟದ ಗುಂಡಿಯಿಂದಲ್ಲ, ಫೋನಿನ ಸ್ವಂತ ಸೆಟ್ಟಿಂಗ್ಸ್‌ನಿಂದಲೇ ತೆಗೆದುಹಾಕಿ. ಆಗ ಗುಂಡಿ ಆನ್ ಆದರೂ ಮಗುವಿನ ದನಿ ಹೊರಗೆ ಹೋಗದು. ಹೊರಗಿನವರ ದನಿ ಒಳಗೆ ಬರುವುದನ್ನು ಮಾತ್ರ ಅದು ತಡೆಯದು. ಅದಕ್ಕೆ ದೋಷ ಸರಿಹೋಗುವವರೆಗೆ ಅಂತರ್ಜಾಲ ಸಂಪರ್ಕವನ್ನು ನಿಲ್ಲಿಸಿ ಆಡಿಸುವುದೇ ಸರಿಯಾದ ದಾರಿ.